ಕಂಪನಿಯ ಬಂದರು ಎಲ್ಲರಿಗೂ ತೆರೆದರೆ ಕೆರೂರಿಗೆ ಏನು ಸಿಗುತ್ತದೆ?

ಕೆರೂರಿನ ಮೂಲಕ ಹಾದುಹೋಗುವ ಹುಬ್ಬಳ್ಳಿ–ವಿಜಯಪುರ ರಸ್ತೆ ಈಗ ರಾಷ್ಟ್ರೀಯ ಹೆದ್ದಾರಿ 52. ಉತ್ತರಕ್ಕೆ ಹೊರಟರೆ ಇದು ಸೊಲ್ಲಾಪುರ ದಾಟಿ ಪಂಜಾಬಿನ ಸಂಗ್ರೂರಿನ ತನಕ ಹೋಗುತ್ತದೆ. ದಕ್ಷಿಣಕ್ಕೆ ಹೊರಟರೆ ನರಗುಂದ, ನವಲಗುಂದ, ಹುಬ್ಬಳ್ಳಿ, ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು, ಅಂಕೋಲಾದ ಹತ್ತಿರ ಮುಗಿಯುತ್ತದೆ. ಅಂದರೆ ನಮ್ಮ ಊರ ಮುಂದಿನ ರಸ್ತೆಯ ಇನ್ನೊಂದು ತುದಿ ಸಮುದ್ರ.

ಆ ತುದಿಯಲ್ಲಿರುವ ಕೇಣಿ ಎಂಬ ಊರಿನಲ್ಲಿ ಹೊಸ ಬಂದರು ಕಟ್ಟುವ ಯೋಜನೆ ಇದೆ. 2023ರ ನವೆಂಬರಿನಲ್ಲಿ ಕರ್ನಾಟಕ ಜಲಸಾರಿಗೆ ಮಂಡಳಿ ಇದರ ಗುತ್ತಿಗೆಯನ್ನು ಜೆಎಸ್‌ಡಬ್ಲ್ಯೂ ಇನ್‌ಫ್ರಾಸ್ಟ್ರಕ್ಚರ್ ಕಂಪನಿಗೆ ಕೊಟ್ಟಿತು. ಅಂದಿನಿಂದ ಎರಡು ಬಗೆಯ ಮಾತು ಕೇಳಿಬರುತ್ತಿವೆ. ಒಂದು, "ಬಂದರು ಆದರೆ ಉತ್ತರ ಕರ್ನಾಟಕದಲ್ಲಿ ಗೊಬ್ಬರ, ಸಿಮೆಂಟ್ ಎಲ್ಲ ಅಗ್ಗ." ಇನ್ನೊಂದು, "ಸಮುದ್ರವನ್ನೇ ಒಂದು ಕಂಪನಿಗೆ ಮಾರಿಬಿಟ್ಟರು." ಎರಡೂ ಫಾರ್ವರ್ಡ್ ಮಾಡಲು ಸುಲಭ. ಆದರೆ ಎರಡರ ಹಿಂದೆಯೂ ಇರುವ ನಿಜವಾದ ಪ್ರಶ್ನೆಯನ್ನು ಯಾರೂ ಕೇಳುತ್ತಿಲ್ಲ: ಒಂದು ಕಾರ್ಖಾನೆಯ ಅಗತ್ಯಕ್ಕಾಗಿ ಕಟ್ಟಿದ, ಅಥವಾ ಮುಖ್ಯವಾಗಿ ಒಂದೇ ಕಾರ್ಖಾನೆಯನ್ನು ನಂಬಿ ಕಟ್ಟಿದ ಬಂದರನ್ನು ಉಳಿದವರೂ ಬಳಸಬಹುದೇ? ಬಳಸುವುದಾದರೆ ಯಾವ ಷರತ್ತಿನ ಮೇಲೆ? ಇದನ್ನು ಹಂತ ಹಂತವಾಗಿ ತಿಳಿಯೋಣ.

ಸ್ವಂತ ಕಣ, ಊರ ಮಾರುಕಟ್ಟೆ

ಬಂದರುಗಳಲ್ಲಿ ಬಳಕೆಯ ದೃಷ್ಟಿಯಿಂದ ಎರಡು ಬಗೆ. ಒಂದು, ಕ್ಯಾಪ್ಟಿವ್ ಬಂದರು ಅಥವಾ ಕ್ಯಾಪ್ಟಿವ್ ಜೆಟ್ಟಿ. ಇದು ರೈತ ತನ್ನ ಹೊಲದಲ್ಲಿ ಮಾಡಿಕೊಂಡ ಕಣದಂತೆ. ತನ್ನ ರಾಶಿ ತಾನು ಮಾಡಿಕೊಳ್ಳುತ್ತಾನೆ. ಉಕ್ಕಿನ ಕಾರ್ಖಾನೆ ತನ್ನ ಕಲ್ಲಿದ್ದಲು ಇಳಿಸಿಕೊಳ್ಳಲು, ತೈಲ ಸಂಸ್ಕರಣಾಗಾರ ತನ್ನ ಕಚ್ಚಾತೈಲ ಇಳಿಸಿಕೊಳ್ಳಲು, ಸಿಮೆಂಟ್ ಕಂಪನಿ ತನ್ನ ಕ್ಲಿಂಕರ್ ಕಳಿಸಲು ಇಂಥ ಜೆಟ್ಟಿ ಕಟ್ಟಿಕೊಳ್ಳುತ್ತವೆ.

ಇನ್ನೊಂದು, ವಾಣಿಜ್ಯ ಬಂದರು. ಇದು ಎಪಿಎಂಸಿ ಯಾರ್ಡ್ ಇದ್ದಂತೆ. ನಿಗದಿತ ಶುಲ್ಕ ಕಟ್ಟಿದ ಯಾರೇ ಆದರೂ ಸರಕು ತರಬಹುದು. ದರಪಟ್ಟಿ ಬಹಿರಂಗವಾಗಿರಬೇಕು, ಸರದಿಗೆ ನಿಯಮ ಇರಬೇಕು.

"ಕ್ಯಾಪ್ಟಿವ್ ಬಂದರನ್ನು ಸಾರ್ವಜನಿಕ ಬಳಕೆಗೆ ತೆರೆಯುವುದು" ಎಂದರೆ ಕಣವನ್ನು ಮಾರುಕಟ್ಟೆ ಮಾಡುವುದು. ಕೇಳಲು ಸರಳ. ಆದರೆ ಕಣಕ್ಕೆ ತೂಕದ ಕಾಟಾ ಬೇಕಿರಲಿಲ್ಲ, ಮಾರುಕಟ್ಟೆಗೆ ಬೇಕು. ಕಣಕ್ಕೆ ಸರದಿ ನಿಯಮ ಬೇಕಿರಲಿಲ್ಲ, ಮಾರುಕಟ್ಟೆಗೆ ಬೇಕು. ಜಗಳ ಬಂದರೆ ಬಗೆಹರಿಸುವವರೂ ಬೇಕು. ತೆರೆಯುವ ಕೆಲಸದ ಬಹುಪಾಲು ಇರುವುದು ಇಲ್ಲೇ. ಗೇಟು ತೆಗೆಯುವುದು ಅದರಲ್ಲಿ ಕೊನೆಯ ಹೆಜ್ಜೆ.

ಇಲ್ಲಿ ಇನ್ನೊಂದು ಗೊಂದಲವನ್ನೂ ನಿವಾರಿಸಿಕೊಳ್ಳೋಣ. ನಮ್ಮ ದೇಶದಲ್ಲಿ "ಮೇಜರ್" ಬಂದರು ಎಂದರೆ ದೊಡ್ಡದು, "ಮೈನರ್" ಎಂದರೆ ಚಿಕ್ಕದು ಎಂದು ಹಲವರು ತಿಳಿದಿದ್ದಾರೆ. ಅದು ಗಾತ್ರದ ಮಾತಲ್ಲ, ಆಡಳಿತದ ಮಾತು. ಕೇಂದ್ರ ಸರ್ಕಾರದ ಕೈಯಲ್ಲಿರುವುದು ಮೇಜರ್, ರಾಜ್ಯದ ಕೈಯಲ್ಲಿರುವುದು ಮೈನರ್. ಗುಜರಾತಿನ ಮುಂದ್ರಾ "ಮೇಜರ್" ಅಲ್ಲ, ಆದರೆ 2023-24ರಲ್ಲಿ ಅದು ನಿರ್ವಹಿಸಿದ ಸರಕು 17 ಕೋಟಿ ಟನ್ ದಾಟಿತ್ತು. ಅದೇ ವರ್ಷ "ಮೇಜರ್" ಆದ ನವ ಮಂಗಳೂರು ಬಂದರು ನಿರ್ವಹಿಸಿದ್ದು ಸುಮಾರು 4.5 ಕೋಟಿ ಟನ್. ಕರ್ನಾಟಕದಲ್ಲಿ ಮೇಜರ್ ಬಂದರು ನವ ಮಂಗಳೂರು ಒಂದೇ. ಕಾರವಾರ, ಬೇಲೇಕೇರಿ, ಹೊನ್ನಾವರ, ಮಲ್ಪೆ, ಹಳೆ ಮಂಗಳೂರು ಮುಂತಾದವು ರಾಜ್ಯದ ಅಧೀನ. ಕೇಣಿಯೂ ಆ ಪಟ್ಟಿಗೇ ಸೇರುತ್ತದೆ.

ನಮ್ಮ ರಾಜ್ಯದ ಅನುಭವ: ಕುದುರೆಮುಖ

ಒಂದೇ ಕಾರ್ಖಾನೆಯನ್ನು ನಂಬಿದ ಬಂದರು ಸೌಲಭ್ಯಕ್ಕೆ ಏನಾಗುತ್ತದೆ ಎಂದು ತಿಳಿಯಲು ದೂರ ಹೋಗಬೇಕಿಲ್ಲ. ಪಣಂಬೂರಿನಲ್ಲಿರುವ ನವ ಮಂಗಳೂರು ಬಂದರು 1974ರಲ್ಲಿ ಮೇಜರ್ ಬಂದರು ಎಂದು ಘೋಷಣೆಯಾಯಿತು. 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಹುಟ್ಟಿತು. ಘಟ್ಟದ ಮೇಲೆ ಗಣಿ, ಅಲ್ಲಿ ಪುಡಿಮಾಡಿದ ಅದಿರನ್ನು ನೀರಿನೊಂದಿಗೆ ಬೆರೆಸಿ ಸುಮಾರು 67 ಕಿಲೋಮೀಟರ್ ಉದ್ದದ ಪೈಪಿನಲ್ಲಿ ಪಣಂಬೂರಿಗೆ ಹರಿಸುವ ವ್ಯವಸ್ಥೆ, ಅಲ್ಲಿಂದ ಹಡಗಿಗೆ ತುಂಬಲು ಆಳದ ಪ್ರತ್ಯೇಕ ಬರ್ತ್. ಬರ್ತ್ ಎಂದರೆ ಹಡಗು ನಿಲ್ಲುವ ಕಟ್ಟೆ. ಅದಿರು ಕೊಳ್ಳಬೇಕಾಗಿದ್ದದ್ದು ಇರಾನ್. ಬಂಡವಾಳ ಕೊಡಲು ಒಪ್ಪಿದ್ದೂ ಅದೇ.

1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಯಿತು. ಮುಖ್ಯ ಗಿರಾಕಿಯೇ ಹೋದ. ಗಣಿ, ಪೈಪು, ಬರ್ತ್ ಎಲ್ಲ ಸಿದ್ಧ, ಕೊಳ್ಳುವವರಿಲ್ಲ. ಬೇರೆ ದೇಶಗಳ ಗಿರಾಕಿಗಳನ್ನು ಹುಡುಕಬೇಕಾಯಿತು. 1987ರಲ್ಲಿ ಪೆಲೆಟ್ ಕಾರ್ಖಾನೆ ಬಂತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಡಿಸೆಂಬರ್ 31ಕ್ಕೆ ಕುದುರೆಮುಖದ ಗಣಿಗಾರಿಕೆ ನಿಂತಿತು. ಪೆಲೆಟ್ ಕಾರ್ಖಾನೆ ಉಳಿಯಿತು, ಅದಕ್ಕೆ ಅದಿರು ಹೊರಗಿನಿಂದ ಬರಬೇಕಾಯಿತು. ಅದಿರು ಕಳಿಸುತ್ತಿದ್ದ ಊರಿಗೆ ಅದಿರು ತರಿಸುವ ಕಾಲ ಬಂತು.

ಇದರಿಂದ ತಿಳಿಯುವುದು ಇಷ್ಟು. ಬಂದರಿನ ಕಟ್ಟೆ ಐವತ್ತು ವರ್ಷ ನಿಲ್ಲುತ್ತದೆ. ಕಾರ್ಖಾನೆಯ ವ್ಯವಹಾರ, ಗಣಿಯ ಪರವಾನಗಿ, ಗಿರಾಕಿಯ ದೇಶ ಅಷ್ಟು ಕಾಲ ಹಾಗೆಯೇ ಇರುತ್ತವೆ ಎಂದು ಹೇಳಲಾಗದು. ಒಬ್ಬನಿಗಾಗಿಯೇ ಕಟ್ಟಿದ ಸೌಲಭ್ಯ ಅವನಿಗೆ ಬೇಡವಾದ ದಿನ ಖಾಲಿ ಬೀಳುತ್ತದೆ. ಹಾಗಾಗಿ ಉಳಿದವರಿಗೂ ತೆರೆಯುವ ಮಾತು ಬರೀ ಉದಾರತೆಯದ್ದಲ್ಲ. ಅದರಲ್ಲಿ ಬಂದರಿನ ಮಾಲೀಕನ ಹಿತವೂ ಇದೆ.

ಪಣಂಬೂರಿನಲ್ಲಿ ಇಂಥ ಇನ್ನೂ ಕೆಲವು ವ್ಯವಸ್ಥೆಗಳಿವೆ. ಎಂಆರ್‌ಪಿಎಲ್ ಸಂಸ್ಕರಣಾಗಾರಕ್ಕೆ ತೈಲದ ಬರ್ತ್‌ಗಳಿವೆ. ಪಡುಬಿದ್ರಿ ಬಳಿಯ ಉಡುಪಿ ವಿದ್ಯುತ್ ಸ್ಥಾವರಕ್ಕೆ ಕಲ್ಲಿದ್ದಲ ಬರ್ತ್ ಇದೆ. ಸಮುದ್ರದ ಮಧ್ಯೆಯೇ ದೊಡ್ಡ ತೈಲ ಹಡಗು ಕಟ್ಟಿಹಾಕಿ ಪೈಪಿನಲ್ಲಿ ತೈಲ ಇಳಿಸುವ ತೇಲು ಬೋಯ್ ವ್ಯವಸ್ಥೆಯೂ ಇದೆ. ಅದರಿಂದ ಎಂಆರ್‌ಪಿಎಲ್‌ಗೆ ತೈಲ ಬರುತ್ತದೆ, ದೇಶದ ತುರ್ತು ತೈಲ ಸಂಗ್ರಹದ ಭೂಗತ ಗುಹೆಗಳಿಗೂ ಬರುತ್ತದೆ. ಒಂದು ಸೌಲಭ್ಯ, ಇಬ್ಬರು ಬಳಕೆದಾರರು. ಹಂಚಿಕೊಳ್ಳುವುದು ಸಾಧ್ಯ ಎಂಬುದಕ್ಕೆ ಇದೂ ಒಂದು ಉದಾಹರಣೆ. ಆದರೆ ಗಮನಿಸಿ: ಇಬ್ಬರದೂ ಒಂದೇ ಸರಕು, ಕಚ್ಚಾತೈಲ.

"ತೆರೆದ ಕೂಡಲೇ ಯಾರ ಸರಕಾದರೂ ಇಳಿಸಬಹುದು" – ನಿಜವೇ?

ಇಲ್ಲ. ಬಂದರು ಎಂದರೆ ಖಾಲಿ ಕಟ್ಟೆಯಲ್ಲ, ಅದೊಂದು ಯಂತ್ರ. ಕಲ್ಲಿದ್ದಲಿಗಾಗಿ ಕಟ್ಟಿದ ಬರ್ತ್‌ನಲ್ಲಿ ಹಡಗಿನಿಂದ ಕಲ್ಲಿದ್ದಲು ಎತ್ತುವ ಯಂತ್ರ ಇರುತ್ತದೆ, ಅಲ್ಲಿಂದ ಕನ್ವೇಯರ್ ಬೆಲ್ಟ್, ಅದರ ಕೊನೆಗೆ ರಾಶಿ ಹಾಕುವ ಬಯಲು, ಅಲ್ಲಿಂದ ರೈಲಿಗೆ ತುಂಬುವ ವ್ಯವಸ್ಥೆ. ಇದರಲ್ಲಿ ಇಳಕಲ್ಲಿನ ಗ್ರಾನೈಟ್ ದಿಮ್ಮಿ ಹಾಕಲಾಗದು. ಒಂದೊಂದು ದಿಮ್ಮಿ ಇಪ್ಪತ್ತು ಟನ್ ತೂಗುತ್ತದೆ. ಅದಕ್ಕೆ ಭಾರಿ ಕ್ರೇನ್ ಬೇಕು, ಭಾರ ತಡೆಯುವ ನೆಲ ಬೇಕು. ಮುಧೋಳ, ಜಮಖಂಡಿ ಕಡೆಯ ಸಕ್ಕರೆಯನ್ನು ಕಲ್ಲಿದ್ದಲ ಧೂಳು ಹಾರುವ ಬಯಲಿನ ಪಕ್ಕ ಇಡಲೂ ಆಗದು. ಸಕ್ಕರೆಗೆ ಒಣ ಗೋದಾಮು ಬೇಕು. ಮೆಕ್ಕೆಜೋಳಕ್ಕೂ ಅಷ್ಟೇ. ಕಂಟೇನರ್‌ಗೆ ಇನ್ನೊಂದೇ ಬಗೆಯ ಕ್ರೇನು, ಇನ್ನೊಂದೇ ಬಗೆಯ ಯಾರ್ಡು, ಕಸ್ಟಮ್ಸ್ ತಪಾಸಣೆಗೆ ಜಾಗ.

ಆದ್ದರಿಂದ ಕಲ್ಲಿದ್ದಲ ಬರ್ತ್ ತೆರೆದರೆ ಮೊದಲು ಅನುಕೂಲವಾಗುವುದು ಕಲ್ಲಿದ್ದಲು ತರಿಸುವ ಇತರರಿಗೆ. ಗ್ರಾನೈಟ್, ಸಕ್ಕರೆ ಕಳಿಸುವವರಿಗೆ ಅನುಕೂಲ ಆಗಬೇಕಾದರೆ ಅವರಿಗಾಗಿ ಬೇರೆ ಕಟ್ಟೆ, ಬೇರೆ ಗೋದಾಮು ಕಟ್ಟಬೇಕು. "ಎಲ್ಲರಿಗೂ ತೆರೆದಿದೆ" ಎಂಬ ಮಾತು ಕೇಳಿದಾಗ "ಯಾವ ಸರಕಿಗೆ?" ಎಂದು ಕೇಳುವುದು ಅದಕ್ಕೇ.

ತಮಿಳುನಾಡಿನ ಎನ್ನೋರ್ ಬಂದರಿನಲ್ಲಿ ಇದು ಹೇಗೆ ನಡೆಯಿತು ನೋಡಿ. 2001ರಲ್ಲಿ ಅದು ಕೆಲಸ ಶುರುಮಾಡಿದ್ದು ಉಷ್ಣವಿದ್ಯುತ್ ಸ್ಥಾವರಕ್ಕೆ ಕಲ್ಲಿದ್ದಲು ಇಳಿಸಲು. ಅದು ಖಾಸಗಿಯದಲ್ಲ, ಸರ್ಕಾರದ್ದೇ. ಆದರೆ ಆರಂಭದಲ್ಲಿ ಹೆಚ್ಚುಕಡಿಮೆ ಒಬ್ಬನೇ ಗಿರಾಕಿಯ ಬಂದರು. ಆಮೇಲೆ ಬೇರೆ ಬೇರೆ ಸರಕಿಗೆ ಬೇರೆ ಬೇರೆ ಬರ್ತ್ ಕಟ್ಟುತ್ತ ಹೋದರು. 2010ರಿಂದ ಅಲ್ಲಿಂದ ಕಾರುಗಳು ವಿದೇಶಕ್ಕೆ ಹೋಗತೊಡಗಿದವು. 2014ರಲ್ಲಿ ಅದಕ್ಕೆ ಕಾಮರಾಜರ್ ಬಂದರು ಎಂದು ಹೆಸರಿಟ್ಟರು. ಕಲ್ಲಿದ್ದಲ ಕಟ್ಟೆಯ ಮೇಲೆಯೇ ಕಾರು ನಿಲ್ಲಿಸಲಿಲ್ಲ. ಕಾರಿಗೆ ಬೇರೆ ಜಾಗ ಮಾಡಿದರು. ಅದಕ್ಕೆ ಹೆಚ್ಚುಕಡಿಮೆ ಹತ್ತು ವರ್ಷ ಹಿಡಿಯಿತು.

"ಬಂದರು ಬಂದರೆ ಗೊಬ್ಬರ, ಸಿಮೆಂಟ್ ಅರ್ಧ ಬೆಲೆಗೆ" – ಲೆಕ್ಕ ಹಾಕೋಣ

ಮೊದಲು ಯೂರಿಯಾ. 45 ಕಿಲೋ ಚೀಲದ ಗರಿಷ್ಠ ಮಾರಾಟ ಬೆಲೆಯನ್ನು ಕೇಂದ್ರ ಸರ್ಕಾರ ನಿಗದಿ ಮಾಡಿದೆ: ತೆರಿಗೆ ಮತ್ತು ಬೇವಿನ ಲೇಪನದ ಖರ್ಚು ಬಿಟ್ಟು 242 ರೂಪಾಯಿ. ಕರಾವಳಿಯ ಪಕ್ಕದ ಊರಿನಲ್ಲಿ ಕೊಂಡರೂ ಇದೇ ಬೆಲೆ, ಕೆರೂರಿನಲ್ಲಿ ಕೊಂಡರೂ ಇದೇ ಬೆಲೆ. ತಯಾರಿಕೆ, ಆಮದು, ಸಾಗಣೆಯ ಉಳಿದ ಖರ್ಚನ್ನು ಸರ್ಕಾರ ಸಬ್ಸಿಡಿಯಾಗಿ ಭರಿಸುತ್ತದೆ. ಹಾಗಾಗಿ ಬಂದರಿನಲ್ಲಿ ಖರ್ಚು ಕಡಿಮೆಯಾದರೆ ಉಳಿತಾಯ ಆಗುವುದು ಮುಖ್ಯವಾಗಿ ಸರ್ಕಾರದ ಸಬ್ಸಿಡಿ ಲೆಕ್ಕದಲ್ಲಿ. ರೈತನ ಕೈಗೆ ಬರುವ ರಸೀದಿಯಲ್ಲಿ ಅದು ಕಾಣುವುದಿಲ್ಲ. ರೈತನಿಗೆ ಆಗಬಹುದಾದ ಲಾಭ ಬೇರೆ: ಬಿತ್ತನೆಯ ಹೊತ್ತಿಗೆ ಗೊಬ್ಬರ ಸಿಗುವುದು. ಹಡಗು ಸರದಿಗಾಗಿ ಕಾಯದೆ ಬೇಗ ಖಾಲಿಯಾದರೆ, ರೈಲು ಬೇಗ ಹೊರಟರೆ, ಮುಂಗಾರಿಗೆ ಸೊಸೈಟಿಯ ಮುಂದಿನ ಸಾಲು ಚಿಕ್ಕದಾಗಬಹುದು. ಅದು ಸಣ್ಣ ಲಾಭವಲ್ಲ, ಆದರೆ ಅದು ಬೆಲೆ ಇಳಿಕೆಯೂ ಅಲ್ಲ.

ಈಗ ಸಿಮೆಂಟ್. ಒಂದು ಟನ್ ಸಿಮೆಂಟ್ ಮಾಡಲು ಸರಿಸುಮಾರು 100ರಿಂದ 150 ಕಿಲೋ ಕಲ್ಲಿದ್ದಲು ಬೇಕು. ಹೊಸ ಬಂದರಿನಿಂದ ಒಂದು ಟನ್ ಕಲ್ಲಿದ್ದಲಿಗೆ 100 ರೂಪಾಯಿ ಉಳಿಯಿತು ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಆಗ ಒಂದು ಟನ್ ಸಿಮೆಂಟಿಗೆ ಉಳಿಯುವುದು 10ರಿಂದ 15 ರೂಪಾಯಿ. ಒಂದು ಟನ್ ಅಂದರೆ 20 ಚೀಲ. ಚೀಲಕ್ಕೆ 50ರಿಂದ 75 ಪೈಸೆ. ಕಂಪನಿ ಅದನ್ನು ಪೂರ್ತಿ ಗಿರಾಕಿಗೆ ಬಿಟ್ಟುಕೊಟ್ಟರೂ ಇಷ್ಟೇ. ಬಾಗಲಕೋಟೆ ಜಿಲ್ಲೆಯಲ್ಲಿ ಸುಣ್ಣದಕಲ್ಲು ಇಲ್ಲಿಯೇ ಸಿಗುತ್ತದೆ, ಅದಕ್ಕೇ ಇಲ್ಲಿ ಸಿಮೆಂಟ್ ಕಾರ್ಖಾನೆಗಳಿವೆ. ಹಡಗಿನಲ್ಲಿ ಬರಬಹುದಾದದ್ದು ಇಂಧನ ಮಾತ್ರ.

ಗ್ರಾನೈಟಿನ ಲೆಕ್ಕ ಬೇರೆ. ಅದೇ ಟನ್ನಿಗೆ 100 ರೂಪಾಯಿ ಉಳಿದರೆ 20 ಟನ್ನಿನ ದಿಮ್ಮಿಗೆ 2,000 ರೂಪಾಯಿ ನೇರ ಉಳಿತಾಯ. ಇಳಕಲ್ಲಿನ ಕೆಂಪು ಕಲ್ಲು ದೂರದ ದೇಶಗಳಿಗೆ ಹೋಗುತ್ತದೆ. ಕಲ್ಲಿನ ತೂಕ ಹೆಚ್ಚು, ಸಾಗಣೆಯ ಖರ್ಚೂ ಹೆಚ್ಚು. ಆದ್ದರಿಂದ ಹತ್ತಿರದ ಬಂದರಿನಿಂದ ನಿಜವಾದ ಲಾಭ ಆಗಬಹುದಾದವರಲ್ಲಿ ಇಳಕಲ್ಲಿನ ಕಲ್ಲು ರಫ್ತುದಾರರು ಮುಂದಿದ್ದಾರೆ. ಆದರೆ ಅವರಿಗೆ ಬೇಕಾದ ಕ್ರೇನು, ಕಟ್ಟೆ ಅಲ್ಲಿ ಇದ್ದರೆ ಮಾತ್ರ.

ಬಂದರು ಒಂದು ಜಾದೂ ಅಲ್ಲ. ಯಾರಿಗೆ, ಯಾವ ಸರಕಿಗೆ, ಎಷ್ಟು ಎಂದು ಬೇರೆ ಬೇರೆಯಾಗಿ ಲೆಕ್ಕ ಹಾಕಬೇಕು.

"ಅದು ಕಂಪನಿಯ ಆಸ್ತಿ, ಸರ್ಕಾರ ಕೇಳುವಂತಿಲ್ಲ" – ನಿಜವೇ?

ಇದೂ ಅರ್ಧ ಸತ್ಯ. ಕ್ರೇನು, ಕನ್ವೇಯರ್ ಕಂಪನಿಯ ಹಣದ್ದು. ಆದರೆ ಸಮುದ್ರದ ದಡ, ಹಡಗು ಬರುವ ನೀರು ಯಾವ ಕಂಪನಿಯದೂ ಅಲ್ಲ. ಅದನ್ನು ಸರ್ಕಾರ ಇಷ್ಟು ವರ್ಷ ಎಂದು ಬಳಕೆಗೆ ಕೊಡುತ್ತದೆ. ಕೇಣಿಯ ವಿಷಯದಲ್ಲಿ ಆ ಅವಧಿ 30 ವರ್ಷ. ಹಾಗಾಗಿ "ಮಾರಿಬಿಟ್ಟರು" ಎಂಬ ಮಾತು ಕಾನೂನಿನ ಪ್ರಕಾರ ಸರಿಯಲ್ಲ. ಆದರೆ 30 ವರ್ಷ ಒಂದು ತಲೆಮಾರಿನಷ್ಟು ಕಾಲ. ಆ ಅವಧಿಯ ಒಪ್ಪಂದದಲ್ಲಿ ಏನು ಬರೆದಿದೆ ಎಂಬುದು ಮಾರಾಟದಷ್ಟೇ ಗಂಭೀರ ವಿಷಯ.

ಕ್ಯಾಪ್ಟಿವ್ ಜೆಟ್ಟಿಗೆ ಅನುಮತಿ ಕೊಡುವಾಗ ಸರ್ಕಾರ ಸಾಮಾನ್ಯವಾಗಿ ಒಂದು ಲೆಕ್ಕ ಇಟ್ಟುಕೊಂಡಿರುತ್ತದೆ: ಕಾರ್ಖಾನೆ ಬರಲಿ, ಕೆಲಸ ಸಿಗಲಿ, ಅದಕ್ಕಾಗಿ ಜೆಟ್ಟಿಯ ಶುಲ್ಕದಲ್ಲಿ ರಿಯಾಯಿತಿ ಇರಲಿ. ನಾಳೆ ಅದೇ ಜೆಟ್ಟಿಯಲ್ಲಿ ಹೊರಗಿನವರ ಸರಕು ಇಳಿಸಿ ಕಂಪನಿ ಬಾಡಿಗೆ ಪಡೆಯತೊಡಗಿದರೆ ಅದು ಬೇರೆ ವ್ಯಾಪಾರ. ಮನೆ ಕಟ್ಟಲು ಕಡಿಮೆ ದರದಲ್ಲಿ ಸಿಕ್ಕ ಸೈಟಿನಲ್ಲಿ ಅಂಗಡಿ ಸಾಲು ಕಟ್ಟಿ ಬಾಡಿಗೆಗೆ ಕೊಟ್ಟಂತೆ. ಹಾಗಾಗಿ ತೆರೆಯುವ ಮುನ್ನ ಸಾರ್ವಜನಿಕ ಖಜಾನೆಗೆ ಸೇರಬೇಕಾದ ಪಾಲನ್ನು ಹೊಸದಾಗಿ ನಿಗದಿ ಮಾಡಬೇಕು. ಇಲ್ಲದಿದ್ದರೆ ಪೂರ್ಣ ಶುಲ್ಕ ಕಟ್ಟಿ ನಡೆಯುವ ಪಕ್ಕದ ವಾಣಿಜ್ಯ ಬಂದರಿಗೆ ಅನ್ಯಾಯ.

ಪರಿಸರ ಅನುಮತಿಯೂ ಹಾಗೆಯೇ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ವರ್ಷಕ್ಕೆ 50 ಲಕ್ಷ ಟನ್ ಅಥವಾ ಅದಕ್ಕಿಂತ ಹೆಚ್ಚು ಸರಕು ನಿರ್ವಹಿಸುವ ಬಂದರಿಗೆ ಕೇಂದ್ರ ಮಟ್ಟದ ಅನುಮತಿ ಬೇಕು. ಆ ಅನುಮತಿ ಒಂದು ಸಾಮರ್ಥ್ಯವನ್ನು ಮುಂದಿಟ್ಟುಕೊಂಡು ಕೊಟ್ಟದ್ದು. ಹೊರಗಿನವರ ಸರಕು ಸೇರಿ ಆ ಮಿತಿ ದಾಟುವುದಾದರೆ ಮತ್ತೆ ಅನುಮತಿ ಕೇಳಬೇಕು. "ಹೇಗೂ ಬಂದರು ಇದೆಯಲ್ಲ, ಇನ್ನೊಂದಿಷ್ಟು ಹಡಗು ಬಂದರೇನು" ಎಂಬ ವಾದ ಇಲ್ಲಿ ನಡೆಯುವುದಿಲ್ಲ.

ಹೊರಗಿನ ಒಂದು ಪಾಠ: ಆಸ್ಟ್ರೇಲಿಯಾ

ಒಬ್ಬರ ಸ್ವಂತ ಸೌಲಭ್ಯವನ್ನು ಪೈಪೋಟಿದಾರನಿಗೂ ತೆರೆಯಬೇಕೇ ಎಂಬ ಜಗಳ ಆಸ್ಟ್ರೇಲಿಯಾದಲ್ಲಿ ವರ್ಷಗಟ್ಟಲೆ ನಡೆಯಿತು. ಅಲ್ಲಿನ ಪಿಲ್ಬರಾ ಪ್ರದೇಶದಲ್ಲಿ ದೊಡ್ಡ ಗಣಿ ಕಂಪನಿಗಳಿಗೆ ಗಣಿಯಿಂದ ಬಂದರಿಗೆ ಸ್ವಂತ ರೈಲು ಹಳಿಗಳಿವೆ. 2004ರಲ್ಲಿ ಫೋರ್ಟೆಸ್ಕ್ಯೂ ಎಂಬ ಆಗಿನ ಹೊಸ ಕಂಪನಿ ಬಿಎಚ್‌ಪಿ ಕಂಪನಿಯ ಹಳಿಯನ್ನು ಬಾಡಿಗೆಗೆ ಬಳಸಲು ಅವಕಾಶ ಕೋರಿತು. ಅಲ್ಲಿನ ಕಾನೂನಿನಲ್ಲಿ ಇದಕ್ಕೆ ದಾರಿ ಇತ್ತು: ಮತ್ತೊಂದನ್ನು ಕಟ್ಟುವುದು ಲಾಭದಾಯಕವಲ್ಲದಿದ್ದರೆ, ಇರುವುದನ್ನು ನ್ಯಾಯವಾದ ದರಕ್ಕೆ ಹಂಚಿಕೊಳ್ಳುವಂತೆ ಆದೇಶಿಸಬಹುದು. ಆದರೆ ದೊಡ್ಡ ಕಂಪನಿಗಳು ಒಪ್ಪಲಿಲ್ಲ. ಪ್ರಕರಣ 2012ರಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಾಲಯದ ತನಕ ಹೋಯಿತು. ಅಷ್ಟರಲ್ಲಿ ಫೋರ್ಟೆಸ್ಕ್ಯೂ ಕಾಯದೆ ತನ್ನದೇ ಹಳಿ, ತನ್ನದೇ ಬಂದರು ಸೌಲಭ್ಯ ಕಟ್ಟಿ 2008ರಲ್ಲಿ ಅದಿರು ಕಳಿಸತೊಡಗಿತ್ತು.

ಮುಂದೆ ನಡೆದದ್ದು ಇನ್ನೂ ಸ್ವಾರಸ್ಯಕರ. 2013ರಲ್ಲಿ ಮತ್ತೊಂದು ಸಣ್ಣ ಕಂಪನಿ ಫೋರ್ಟೆಸ್ಕ್ಯೂವಿನ ಹಳಿಯನ್ನು ಬಳಸಲು ಕೇಳಿತು. ಈಗ ವಿರೋಧಿಸುವ ಸರದಿ ಫೋರ್ಟೆಸ್ಕ್ಯೂವಿನದ್ದಾಯಿತು!

ಬಾಗಿಲ ಹೊರಗಿದ್ದಾಗ ಎಲ್ಲರಿಗೂ ಬಾಗಿಲು ತೆರೆಯಬೇಕು ಎನ್ನಿಸುತ್ತದೆ, ಒಳಗೆ ಬಂದ ಮೇಲೆ ಹಾಗನ್ನಿಸುವುದಿಲ್ಲ. ಇದು ಯಾವುದೋ ಒಂದು ಕಂಪನಿಯ ಕೆಟ್ಟತನವಲ್ಲ, ವ್ಯಾಪಾರದ ಸ್ವಭಾವ. ಆದ್ದರಿಂದ "ಕಂಪನಿ ತೆರೆಯುತ್ತೇನೆ ಅಂದಿದೆ" ಎಂಬ ಭರವಸೆ ಸಾಲದು. ನಿಯಮ ಮೊದಲೇ ಬರೆದಿರಬೇಕು, ಅದನ್ನು ಜಾರಿ ಮಾಡುವವರು ಮೂರನೆಯವರಾಗಿರಬೇಕು.

ಕೇಣಿಯಲ್ಲಿ ಪ್ರಶ್ನೆ ತಿರುವು-ಮುರುವು

ಈಗ ಹೆದ್ದಾರಿಯ ಕೊನೆಗೆ ಬರೋಣ. ಕೇಣಿ ಕಾಗದದ ಮೇಲೆ ಕ್ಯಾಪ್ಟಿವ್ ಬಂದರಲ್ಲ, ಎಲ್ಲ ಬಗೆಯ ಸರಕಿನ ವಾಣಿಜ್ಯ ಬಂದರು. ಅಂದಾಜು ವೆಚ್ಚ 4,119 ಕೋಟಿ ರೂಪಾಯಿ, ಆರಂಭದ ಸಾಮರ್ಥ್ಯ ವರ್ಷಕ್ಕೆ 3 ಕೋಟಿ ಟನ್. ಆದರೆ ಬಂದರು ಕಂಪನಿಯ ಸಮೂಹಕ್ಕೇ ಸೇರಿದ ದೊಡ್ಡ ಉಕ್ಕಿನ ಕಾರ್ಖಾನೆ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿದೆ. ಅದಕ್ಕೆ ಹಡಗಿನಲ್ಲಿ ಬರುವ ಕಲ್ಲಿದ್ದಲು ಭಾರಿ ಪ್ರಮಾಣದಲ್ಲಿ ಬೇಕು. ಈಗ ಗೋವಾದ ಮುರ್ಮಗೋವಾ ಬಂದರಿನಲ್ಲಿ ಇದೇ ಸಮೂಹ ನಡೆಸುವ ಬರ್ತ್‌ಗಳಲ್ಲಿ ಇಳಿಯುವ ಕಲ್ಲಿದ್ದಲು ಕ್ಯಾಸಲ್‌ರಾಕ್, ಲೋಂಡಾ, ಹುಬ್ಬಳ್ಳಿ, ಗದಗ, ಕೊಪ್ಪಳದ ಮೂಲಕ ರೈಲಿನಲ್ಲಿ ತೋರಣಗಲ್ಲಿಗೆ ಹೋಗುತ್ತದೆ.

ಇಲ್ಲಿ ಪ್ರಶ್ನೆ ತಿರುಗುತ್ತದೆ. ಕ್ಯಾಪ್ಟಿವ್ ಬಂದರನ್ನು ಎಲ್ಲರಿಗೂ ತೆರೆಯುವುದು ಹೇಗೆ ಎಂಬುದು ಒಂದು ಪ್ರಶ್ನೆ. ಎಲ್ಲರ ಬಂದರು ಕ್ರಮೇಣ ಒಬ್ಬನ ಬಂದರಾಗದಂತೆ ನೋಡಿಕೊಳ್ಳುವುದು ಹೇಗೆ ಎಂಬುದು ಕೇಣಿಯಲ್ಲಿ ಕೇಳಬೇಕಾದ ಪ್ರಶ್ನೆ. ಕಬ್ಬಿನ ಸೀಜನ್ನಿನಲ್ಲಿ ಕಾರ್ಖಾನೆ ಮುಂದೆ ಟ್ರ್ಯಾಕ್ಟರ್ ಸಾಲು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಗೇಟು ಎಲ್ಲರಿಗೂ ತೆರೆದೇ ಇರುತ್ತದೆ. ಆದರೆ ಯಾರ ಗಾಡಿ ಮೊದಲು ಒಳಗೆ ಹೋಗುತ್ತದೆ ಎಂಬುದರ ಮೇಲೆ ಕಬ್ಬು ಒಣಗುವುದೂ ಉಳಿಯುವುದೂ ನಿಂತಿದೆ. ಬಂದರಿನಲ್ಲೂ ಕಟ್ಟೆಗಳು ಮುಕ್ಕಾಲು ಪಾಲು ಭರ್ತಿಯಾದ ಮೇಲೆ ಕಾಯುವ ಹಡಗುಗಳ ಸಾಲು ಬೇಗ ಬೇಗ ಬೆಳೆಯುತ್ತದೆ. ಕಾಯುವ ಪ್ರತಿ ದಿನಕ್ಕೂ ಹಡಗಿನವರು ಡೆಮರೇಜ್ ಎಂಬ ದಂಡ ಹಾಕುತ್ತಾರೆ. ದೊಡ್ಡ ಕಾರ್ಖಾನೆಗೆ ಅದು ತಾಳಬಹುದಾದ ಖರ್ಚು, ಸಣ್ಣ ರಫ್ತುದಾರನಿಗೆ ಅಲ್ಲ.

ಹಾಗಾಗಿ ನಿಜವಾಗಿ ಎಲ್ಲರ ಬಂದರು ಆಗಬೇಕಾದರೆ ಬೇಕಾದದ್ದು ಇವು: ಬಹಿರಂಗ ದರಪಟ್ಟಿ, ಮಾಲೀಕನ ಹಡಗಿಗೂ ಹೊರಗಿನವರ ಹಡಗಿಗೂ ಒಂದೇ ಸರದಿ ನಿಯಮ, ಸಾಮರ್ಥ್ಯದ ಒಂದು ಪಾಲು ಹೊರಗಿನವರಿಗೆ ಮೀಸಲು, ಪೈಪೋಟಿದಾರನ ಸರಕಿನ ಮಾಹಿತಿ ಮಾಲೀಕ ಕಂಪನಿಯ ಮಾರಾಟ ವಿಭಾಗಕ್ಕೆ ಹೋಗದಂತೆ ಗೋಡೆ, ತಕರಾರು ಕೇಳುವ ಸ್ವತಂತ್ರ ವೇದಿಕೆ. 1908ರ ಹಳೆಯ ಬಂದರು ಕಾಯ್ದೆಯ ಬದಲಿಗೆ 2025ರಲ್ಲಿ ಸಂಸತ್ತು ಹೊಸ ಭಾರತೀಯ ಬಂದರು ಕಾಯ್ದೆ ಮಾಡಿದೆ. ದರಗಳನ್ನು ಬಹಿರಂಗಪಡಿಸುವುದು, ರಾಜ್ಯ ಮಟ್ಟದಲ್ಲಿ ವಿವಾದ ಪರಿಹಾರ ಸಮಿತಿ ರಚಿಸುವುದು ಅದರಲ್ಲಿವೆ. ಇವು ಕೇಣಿಯಲ್ಲಿ ಹೇಗೆ ಜಾರಿಯಾಗುತ್ತವೆ ಎಂದು ನೋಡುವುದು ಕರಾವಳಿಯವರ ಕೆಲಸ ಮಾತ್ರವಲ್ಲ, ಘಟ್ಟದ ಮೇಲಿನ ನಮ್ಮದೂ ಹೌದು.

ಬೆಲೆ ತೆರುವವರು ಯಾರು?

ಲಾಭದ ಮಾತು ನಮ್ಮ ಕಡೆಯದಾದರೆ ನಷ್ಟದ ಮಾತು ಕೇಣಿಯ ಮೀನುಗಾರರದ್ದು. 2025ರಲ್ಲಿ ಅವರು ಯೋಜನೆಯ ವಿರುದ್ಧ ತೀವ್ರವಾಗಿ ಪ್ರತಿಭಟಿಸಿದರು. ಬಂದರು ಎಂದರೆ ಅಲೆ ತಡೆಯುವ ಗೋಡೆ, ಹೂಳೆತ್ತಿದ ಕಾಲುವೆ, ದೋಣಿ ಹೋಗಬಾರದ ನಿರ್ಬಂಧಿತ ನೀರು. ಅಲೆಗೋಡೆ ಕಟ್ಟಿದರೆ ದಡದ ಉದ್ದಕ್ಕೂ ಸಾಗುವ ಮರಳು ಒಂದು ಕಡೆ ಕೂಡುತ್ತದೆ, ಇನ್ನೊಂದು ಕಡೆ ಕೊರೆತ ಶುರುವಾಗುತ್ತದೆ. ದಡದಿಂದಲೇ ಬಲೆ ಎಳೆಯುವವರಿಗೆ, ಚಿಕ್ಕ ದೋಣಿಯವರಿಗೆ ಇದು ಅನ್ನದ ಪ್ರಶ್ನೆ. ಬಂದರು ಒಬ್ಬನದಾದರೂ ಎಲ್ಲರದಾದರೂ ಅವರ ದಡ ಹೋಗುವುದು ಹೋಗುತ್ತದೆ. ಬದಲಿಗೆ, ಇರುವ ಬಂದರುಗಳನ್ನೇ ಹಲವರು ಹಂಚಿಕೊಂಡರೆ ಹೊಸ ದಡ ಕೆಡಿಸುವ ಅಗತ್ಯ ಕಡಿಮೆಯಾಗಬಹುದು. ಕ್ಯಾಪ್ಟಿವ್ ಬಂದರು ತೆರೆಯುವುದರ ಪರವಾಗಿ ಇರುವ ಬಲವಾದ ವಾದ ಬಹುಶಃ ಇದೇ. ಆದರೆ ಈ ವಾದದ ಬಗ್ಗೆ ಮಾತು ಕೇಳುವುದೇ ಅಪರೂಪ.

ಧೂಳಿನ ಮಾತೂ ಇದೆ. ಮುರ್ಮಗೋವಾ ಪಕ್ಕದ ವಾಸ್ಕೊ ಜನ ಕಲ್ಲಿದ್ದಲ ಧೂಳಿನ ಬಗ್ಗೆ ವರ್ಷಗಳಿಂದ ದೂರುತ್ತಿದ್ದಾರೆ. ಬಂದರು ತೆರೆದು ಸರಕು ಹೆಚ್ಚಾದರೆ ದಾರಿಯುದ್ದಕ್ಕೂ ರೈಲು, ಲಾರಿ ಹೆಚ್ಚಾಗುತ್ತವೆ. ಕೇಣಿಗೆ ಹೋಗುವ ಲಾರಿಗಳು ಅರಬೈಲ್ ಘಟ್ಟ ಇಳಿಯಬೇಕು. 1990ರ ದಶಕದ ಕೊನೆಗೆ ಮಂಜೂರಾದ ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗ ಪಶ್ಚಿಮ ಘಟ್ಟದ ಕಾಡಿನ ಪ್ರಶ್ನೆಯಿಂದಾಗಿ ಇನ್ನೂ ಪೂರ್ತಿಯಾಗಿಲ್ಲ. ಕ್ಯಾಸಲ್‌ರಾಕ್ ಘಟ್ಟದಲ್ಲಿ ಜೋಡಿ ಹಳಿ ಹಾಕಲು ಕೊಟ್ಟಿದ್ದ ವನ್ಯಜೀವಿ ಅನುಮತಿಯನ್ನು 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಘಟ್ಟ ದಾಟುವ ದಾರಿ ಇಕ್ಕಟ್ಟಾಗಿರುವ ತನಕ ಕೆಳಗೆ ಎಷ್ಟು ದೊಡ್ಡ ಬಂದರು ಕಟ್ಟಿದರೂ ಮೇಲಿನವರಿಗೆ ಸಿಗುವುದು ಆ ದಾರಿಯಷ್ಟೇ.

ಇನ್ನು ಕಾವಲು. ಕೇಣಿಯ ಹತ್ತಿರವೇ, ಅದೇ ಅಂಕೋಲಾ ತಾಲ್ಲೂಕಿನಲ್ಲಿ ಬೇಲೇಕೇರಿ ಇದೆ. 2010ರಲ್ಲಿ ಅಲ್ಲಿ ಅರಣ್ಯ ಇಲಾಖೆ ಸುಮಾರು 5 ಲಕ್ಷ ಟನ್ ಕಬ್ಬಿಣದ ಅದಿರು ಜಪ್ತಿ ಮಾಡಿತ್ತು. ಜಪ್ತಿಯಾದ ಅದಿರೇ ಬಂದರಿನಿಂದ ಹಡಗು ಹತ್ತಿ ಹೋಯಿತು! 2024ರ ಅಕ್ಟೋಬರಿನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಹಲವರನ್ನು ದೋಷಿಗಳೆಂದು ತೀರ್ಪು ನೀಡಿ ಜೈಲು ಶಿಕ್ಷೆ ವಿಧಿಸಿತು. ಮರುತಿಂಗಳು ಹೈಕೋರ್ಟ್ ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಪ್ರಕರಣದ ಅಂತ್ಯ ಏನೇ ಇರಲಿ, ಒಂದು ಮಾತು ಸ್ಪಷ್ಟ. ಹಲವರ ಸರಕು ಬರುವ ಬಂದರಿನಲ್ಲಿ ಯಾರ ಸರಕು ಎಷ್ಟು ಬಂತು, ಎಷ್ಟು ಹೋಯಿತು ಎಂಬ ಲೆಕ್ಕ ಸರ್ಕಾರದ ಕೈಯಲ್ಲಿ ಗಟ್ಟಿಯಾಗಿ ಇರಬೇಕು.

ಫಾರ್ವರ್ಡ್ ಮಾಡುವ ಮುನ್ನ

ಬಂದರಿನ ಬಗ್ಗೆ ಸಂದೇಶ ಬಂದಾಗ ಈ ಐದು ಪ್ರಶ್ನೆ ಕೇಳಿ ನೋಡಿ.

1. ಯಾವ ಸರಕಿಗೆ? ಕಲ್ಲಿದ್ದಲಿಗೋ, ಗ್ರಾನೈಟಿಗೋ, ಸಕ್ಕರೆಗೋ? "ಎಲ್ಲದಕ್ಕೂ" ಎಂದಿದ್ದರೆ ಅನುಮಾನಿಸಿ.

2. ಅಗ್ಗ ಎಂದರೆ ಎಷ್ಟು, ಯಾರಿಗೆ? ಟನ್ನಿನ ಉಳಿತಾಯವನ್ನು ಚೀಲಕ್ಕೆ ಇಳಿಸಿ ನೋಡಿ. ಬೆಲೆ ಸರ್ಕಾರ ನಿಗದಿ ಮಾಡುವ ವಸ್ತುವೇ ಎಂದೂ ನೋಡಿ.

3. ಸರದಿಯ ನಿಯಮ ಏನು? ಮಾಲೀಕನ ಹಡಗು ಬಂದಾಗ ಹೊರಗಿನವರ ಹಡಗು ಪಕ್ಕಕ್ಕೆ ಸರಿಯಬೇಕೇ?

4. ದಡ, ನೀರು ಕೊಟ್ಟ ಸಾರ್ವಜನಿಕರಿಗೆ ಪಾಲು ಎಷ್ಟು? "ಮಾರಿದರು" ಅಥವಾ "ಉಚಿತವಾಗಿ ಅಭಿವೃದ್ಧಿ" ಎಂಬ ಎರಡೂ ಮಾತಿಗೆ ಇದೊಂದೇ ಪ್ರಶ್ನೆ ಸಾಕು.

5. ಯಾರ ದಡ, ಯಾರ ರಸ್ತೆ, ಯಾರ ಕಾಡು? ಆ ಜನರನ್ನು ಕೇಳಿದ್ದಾರೆಯೇ?

ಕೆರೂರಿನಿಂದ ಅಂಕೋಲಾಕ್ಕೆ ಇನ್ನೂರು ಕಿಲೋಮೀಟರಿಗಿಂತ ಹೆಚ್ಚು. ಪಣಂಬೂರಿಗೆ ನಾನೂರಕ್ಕಿಂತ ಹೆಚ್ಚು. ಸಮುದ್ರ ನಮಗೆ ದೂರ ಎಂದುಕೊಂಡು ಈ ವಿಷಯವನ್ನು ಕರಾವಳಿಯವರಿಗೆ ಬಿಟ್ಟುಬಿಡುವುದು ಸುಲಭ. ಆದರೆ ಯೋಜನೆಯ ಪರವಾಗಿ ಮಾತನಾಡುವವರು ಹೇಳುವುದು "ಉತ್ತರ ಕರ್ನಾಟಕಕ್ಕೆ ಬಂದರು ಬೇಕು" ಎಂದು. ನಮ್ಮ ಹೆಸರು ಹೇಳುತ್ತಿರುವಾಗ ನಮಗೆ ಏನು ಸಿಗುತ್ತದೆ, ಯಾವ ನಿಯಮದಡಿ ಸಿಗುತ್ತದೆ, ಅದಕ್ಕಾಗಿ ಯಾರು ಏನು ಕಳೆದುಕೊಳ್ಳುತ್ತಾರೆ ಎಂದು ಕೇಳುವ ಹಕ್ಕು ನಮಗಿದೆ. ಈ ಪ್ರಶ್ನೆಗಳಿಗೆ ಉತ್ತರ ಇಲ್ಲದ ಸಂದೇಶವನ್ನು ಮುಂದೆ ಕಳಿಸದೆ ಅಲ್ಲಿಯೇ ಬಿಡಿ.